ತಲೆಯ ತಪ್ಪೋ, ಬಾಲದ ತಪ್ಪೋ

ಬ್ಯಾಕ್ಟೀರಿಯಾವನ್ನು ತಿಂದು ಬದುಕುವ ಆ ವೈರಸ್ಸಿಗೆ ತಂಪಿನಲ್ಲಿ ಯಾವ ತೊಂದರೆಯೂ ಇಲ್ಲ. ಬಿಸಿ ತಾಕಿದರೆ ಮಾತ್ರ ಮರಿ ಹಾಕಲಾರದು. ತಲೆ, ಬಾಲ ಎರಡೂ ಇರುವ ಅದರ ಒಂದು ಜೀನ್ ಕೆಟ್ಟಿತ್ತು. ಬಾಲ ಕಟ್ಟುವ ಜೀನ್ ಎಂದು ಯಜಮಾನರು; ಅಲ್ಲ, ತಲೆ ಕಟ್ಟುವುದು ಎಂದು ಹೆಂಡತಿ. ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ದುಡಿದವರು. ಊಟಕ್ಕೆ ಕುಳಿತಾಗಲೂ ಇದೇ ಜಗಳ. ಅದು ತೀರುವ ಮೊದಲೇ ದೇವರು ಯಜಮಾನರನ್ನು ಕರೆಸಿಕೊಂಡ.

ಹತ್ತು ತಿಂಗಳ ಮೇಲೆ ಆಕೆ ಫ್ರಿಜ್ಜಿನಿಂದ ಆ ವೈರಸ್ಸಿನ ಸೀಸೆಯನ್ನು ಹೊರತೆಗೆದರು. ಸತ್ಯ ತಿಳಿಯದೆ ಆಕೆಗೆ ನೆಮ್ಮದಿಯಿರಲಿಲ್ಲ. ಅಲ್ಲಿಯೇ ಕೆಲಸಕ್ಕಿದ್ದ ನಾದಿನಿ ಅಣ್ಣನ ವಕಾಲತ್ತು ವಹಿಸಿ ಜೊತೆಗೆ ನಿಂತಳು.

"ಅತ್ತಿಗೆ, ಸೋತ್ರೆ ಅಳಬಾರದು."

"ನಿಮ್ಮಣ್ಣನ ತಂಗಿ ತಾನೇ ನೀನು! ಕೈಗಿಂತ ಬಾಯಿ ಮುಂದೆ. ತಟ್ಟೆ ಕೊಡು."

ಕ್ರಮ ಸರಳ. ತಟ್ಟೆಯಲ್ಲಿ ಹರಡಿದ ಬ್ಯಾಕ್ಟೀರಿಯಾದ ಮೇಲೆ ಈ ವೈರಸ್ಸನ್ನು ಒಂದು ಕಡೆ ಬಾಲ ಕೆಟ್ಟ ವೈರಸ್ಸಿನ ಜೊತೆ, ಇನ್ನೊಂದು ಕಡೆ ತಲೆ ಕೆಟ್ಟದ್ದರ ಜೊತೆ, ಮೂರನೆಯ ಕಡೆ ಒಂಟಿಯಾಗಿ ಬಿಟ್ಟು ಇನ್‌ಕ್ಯುಬೇಟರಿನ ಬಿಸಿಯಲ್ಲಿಡಬೇಕು. ಕೊರತೆ ಬೇರೆ ಬೇರೆಯಾದರೆ ಒಂದಕ್ಕೊಂದು ಆಸರೆಯಾಗಿ ಎರಡೂ ಹೆಚ್ಚುತ್ತವೆ, ಬ್ಯಾಕ್ಟೀರಿಯಾ ಸತ್ತು ಅಲ್ಲಿ ತಿಳಿಯಾದ ಮಚ್ಚೆ ಬೀಳುತ್ತದೆ. ಕೊರತೆ ಒಂದೇ ಆದರೆ ಏನೂ ಆಗದು.

ಸಂಜೆ ನೋಡಿದರೆ ಮೂರು ಕಡೆಯೂ ಮಚ್ಚೆ, ಒಂಟಿಯಾಗಿ ಬಿಟ್ಟಲ್ಲಿಯೂ!

"ಅತ್ತಿಗೆ, ಇನ್‌ಕ್ಯುಬೇಟರ್ ಬಾಗಿಲು ಎಷ್ಟು ಸಲ ತೆಗೆದ್ರಿ?"

"ಒಂದೆರಡು ಸಲ ಇಣುಕಿದೆ, ಅಷ್ಟೆ."

"ಒಂದೆರಡಾ? ಸರಿಯಾಗಿ ಮುಚ್ಚೂ ಇಲ್ಲ, ಒಳಗೆಲ್ಲ ತಣ್ಣಗಾಗಿದೆ. ಇನ್ನು ಅದು ಬೆಳೀದೆ ಇರತ್ತಾ? ತೊಟ್ಟಿಲಲ್ಲಿ ಮಗು ಮಲಗಿಸಿದೋರ ಹಾಗೆ ಆಡ್ತೀರಲ್ಲ!"

ಮರುದಿನ ಹೊಸ ತಟ್ಟೆಯನ್ನು ಒಳಗಿಟ್ಟು ನಾದಿನಿ ಇನ್‌ಕ್ಯುಬೇಟರ್ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡೇ ಕುಳಿತಳು. ಅತ್ತಿಗೆ ದೇವರ ನಾಮ ಹೇಳುತ್ತ, ತೊಳೆದ ಸೀಸೆಗಳನ್ನೇ ಮತ್ತೆ ತೊಳೆದರು.

ತಟ್ಟೆ ಹೊರಬಂತು. ಒಂಟಿಯಾಗಿ ಬಿಟ್ಟಲ್ಲಿ ಏನೂ ಇಲ್ಲ. ಬಾಲ ಕೆಟ್ಟದ್ದರ ಜೊತೆ ದುಂಡನೆಯ ತಿಳಿ ಮಚ್ಚೆ. ತಲೆ ಕೆಟ್ಟದ್ದರ ಜೊತೆ ಏನೂ ಇಲ್ಲ.

"ತಲೆಯ ಜೀನೇ. ನೀವೇ ಗೆದ್ರಿ ಅತ್ತಿಗೆ," ಎಂದಳು ನಾದಿನಿ, ಮೆಲ್ಲಗೆ.

ಆಕೆ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇನ್ನೊಂದು ಸಲ ಮಾಡೋಣ ಕಣೇ."

"ಯಾಕೆ? ಕಣ್ಣಿಗೇ ಕಾಣ್ತಿದೆಯಲ್ಲ."

"ನಿಮ್ಮಣ್ಣ ಯಾವತ್ತಾದ್ರೂ ಒಂದೇ ಸಲಕ್ಕೆ ಒಪ್ಪಿದಾರೇನೇ?"

ನಾದಿನಿ ಹೊಸ ತಟ್ಟೆಯನ್ನು ತೆಗೆದು ಕೊಟ್ಟಳು.