ಹೆಣ ಸಿಗದವನ ಶಿಲುಬೆ

“ಮುಂಡೆ ಅನ್ನಿಸ್ಕೊಳ್ಳೋಕೂ ಹೆಣ ಬೇಕು ಕಣೇ. ಎಲ್ಲೈತೆ ನಿನ್ ಗಂಡನ ಹೆಣ?”

ಮೇಸ್ತ್ರಿ ಕೆರ್ಡ್ರೆನ್ ಹಾಗೆಂದಾಗ ನಾನು ಕಾರ್ಖಾನೆಗೆ ಬೂದಿಗಟ್ಟಿ ಮಾಡಲು ಉರಿಯುವ ಗುಂಡಿಗೆ ಒಣಗಿದ ಕಡಲಪಾಚಿ ಸುರಿಯುತ್ತಿದ್ದೆ.

ಬಿರುಗಾಳಿಯ ದಿನ ಪಾಚಿ ಕೊಯ್ಯಲು ದೋಣಿ ಇಳಿಸೆಂದವನು ಅವನೇ. ನನ್ನ ಗಂಡ ಎರ್ವಾನ್ ಒಲ್ಲೆನೆಂದ. ಹಾಗಾದರೆ ನಿನ್ನ ಹೆಂಡತಿಗೂ ಕೆಲಸವಿಲ್ಲ ಎಂದು ಮೇಸ್ತ್ರಿ ಹೆದರಿಸಿದ ಮೇಲೆ ಹೋದ. ದೋಣಿಯೂ ಬರಲಿಲ್ಲ, ಅವನೂ ಬರಲಿಲ್ಲ. ಈಗ ಮೇಸ್ತ್ರಿ ಊರಿಗೆಲ್ಲ ಹೇಳುತ್ತಿದ್ದಾನೆ, ಎರ್ವಾನ್ ಕಾರ್ಖಾನೆಯ ದೋಣಿ ಕದ್ದು ಓಡಿದನಂತೆ.

ಕಡಲು ಹೆಣ ಕೊಡದಿದ್ದರೆ ನಮ್ಮ ದ್ವೀಪದಲ್ಲಿ ಮೇಣದ ಶಿಲುಬೆ ಮಾಡುತ್ತೇವೆ. ಬಿಳಿ ಬಟ್ಟೆಯ ಮೇಲಿಟ್ಟು, ಹೆಸರು ಹಿಡಿದು ಅತ್ತು, ಇಗರ್ಜಿಗೆ ಒಯ್ಯುತ್ತೇವೆ. ಅದೇ ಹೆಣ. ಅಲ್ಲಿಯವರೆಗೆ ಸತ್ತವನು ನೀರಿನಲ್ಲಿ ಅಲೆಯುತ್ತಲೇ ಇರುತ್ತಾನೆ. ಮೇಣ ಕೊಡಬೇಕಾದವರು ಪಾದ್ರಿಗಳು.

ಅವರು ಊಟಕ್ಕೆ ಕೂತಿದ್ದರು. ನೆರೆಮನೆಯ ಬಾರ್ಬಕ್ಕನ ಜೊತೆ ಹೊಸಿಲಾಚೆ ನಿಂತು ಮೇಣ ಕೇಳಿದೆ.

“ಕಳ್ಳನಿಗೆ ಶಿಲುಬೆ ಏನೇ?”

“ಯೇಸುಸ್ವಾಮಿ ಪಕ್ಕದಾಗೇ ಕಳ್ಳಂಗೂ ಒಂದ್ ನೆಟ್ಟಿದ್ರಲ್ಲ, ಸ್ವಾಮಿ,” ಎಂದಳು ಬಾರ್ಬಕ್ಕ.

“ಬಾಯ್ಮುಚ್ಚು, ಮುದುಕಿ! ಅವನು ಎಲ್ಲೋ ಬದುಕಿದಾನೆ. ಬದುಕಿರೋನನ್ನ ಹೂಳೋಕಾಗುತ್ತಾ?”

“ಬದುಕಿದ್ರೆ ಒದ್ದು ಕರ್ಕೊಂಬತ್ತೀನಿ. ಎಲ್ಲವ್ನೆ ಹೇಳಿ, ಸ್ವಾಮಿ,” ಎಂದೆ.

ಪಾದ್ರಿ ತುಟಿಯ ಬೆಣ್ಣೆ ಒರೆಸಿಕೊಂಡು ಬಾಗಿಲು ಹಾಕಿಸಿದರು.

ಭಾನುವಾರ ಬೆಳಿಗ್ಗೆ ಗುಂಡಿಯಲ್ಲಿ ಪಾಚಿಯ ಬೂದಿ ಕರಗಿ, ಕಲ್ಲುಗಟ್ಟಿ ಕೂತಿತ್ತು. ಹಾರೆಯಿಂದ ಒಂದು ಗಟ್ಟಿ ಎಬ್ಬಿಸಿದೆ. ಒಳಗಿನ್ನೂ ಕೆಂಡದ ಕಾವು. ಕುಡುಗೋಲಿನ ತುದಿಯಿಂದ ಅದರ ಮೇಲೆ ಶಿಲುಬೆ ಗೀರಿದೆ.

ಬಾರ್ಬಕ್ಕ ತಲೆಯ ಬಿಳಿ ಕುಲಾವಿ ಬಿಚ್ಚಿ ಕೊಟ್ಟಳು. “ತಗಾ, ಇದರ ಮ್ಯಾಲಿಡು.”

“ಕಾರ್ಖಾನೇದು ಕಣಕ್ಕ ಇದು.”

“ನಿನ್ ಗಂಡ ಸತ್ತಿದ್ದೂ ಕಾರ್ಖಾನೆಗೇ. ಎತ್ತೇ, ಲೌಡಿ.”

ಪಾಚಿ ಹೊರುವ ಮರದ ಅಡ್ಡೆಯೇ ಚಟ್ಟವಾಯಿತು. ದಾರಿಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಹೆಗಲು ಕೊಟ್ಟರು.

ಇಗರ್ಜಿಯಲ್ಲಿ ಪೂಜೆ ನಡೆಯುತ್ತಿತ್ತು. ಮುಂದಿನ ಬೆಂಚಿನಿಂದ ಕೆರ್ಡ್ರೆನ್ ಎದ್ದ. “ಏಯ್ ಬೋಳೀ, ಅದು ಕಾರ್ಖಾನೆ ಮಾಲು!”

ಗಟ್ಟಿಯನ್ನು ಬರಿಗೈಯಲ್ಲಿ ಎತ್ತಿದೆ. ಅಂಗೈ ಸುಟ್ಟಿತು. ಬಿಡಲಿಲ್ಲ. ಬಲಿಪೀಠದ ಮೇಲೆ ಕುಲಾವಿ ಸಮೇತ ಇಟ್ಟೆ.

“ಎರ್ವಾನ್,” ಎಂದೆ.

“ಎರ್ವಾನ್,” ಎಂದರು ಹಿಂದಿದ್ದ ಹೆಂಗಸರೆಲ್ಲ.

ದಾರಿಯಲ್ಲೇ ಕಂದಿದ್ದ ಕುಲಾವಿ ಕಪ್ಪಾಯಿತು. ಆಮೇಲೆ ಅದರಡಿಯ ಕಸೂತಿ ಹಾಸು ಹೊಗೆಯಾಡಿತು. ಪಾದ್ರಿ ಗಟ್ಟಿಯನ್ನು ತಳ್ಳಲು ಹೋಗಿ ಚೀರಿ ಕೈ ಹಿಂದೆಳೆದುಕೊಂಡರು.

“ನೀರು! ನೀರು ತನ್ನಿ!”

ನಮ್ಮಲ್ಲಿ ಯಾರೂ ಅಲುಗಲಿಲ್ಲ.