ಮಧು ಹಚ್ಚಿಸಿಕೊಂಡ ಬಣ್ಣ

ಬೆಳಗಿನ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲೂ ಸಾವಿತ್ರೆವ್ವ ಕಡಲೆಹಿಟ್ಟಿನ ಬಟ್ಟಲು ಮರೆಯಲಿಲ್ಲ. ಹಾಲಿನ ಕೆನೆಯಲ್ಲಿ ಕಲಸಿದ ಹಿಟ್ಟನ್ನು ಮೊಮ್ಮಗಳು ಮಧುವಿನ ಮುಖ, ಕುತ್ತಿಗೆ, ಕೈಗಳಿಗೆಲ್ಲ ತಿಕ್ಕಿ, ಬಚ್ಚಲಲ್ಲಿ ನಿಲ್ಲಿಸಿ ತೊಳೆಸಿದರು. ಎಂಟು ವರ್ಷದ ಹುಡುಗಿ ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು ನಿಂತಿದ್ದಳು. ಅವಳಿಗೆ ಇದು ಪ್ರತಿ ರವಿವಾರದ ಪಾಡು. ಅಣ್ಣ ಗೌರೀಶನಿಗೆ ಮಾತ್ರ ಈ ಕಾಟವಿರಲಿಲ್ಲ. ಅವನು ಆಯಿ ಸಾವಿತ್ರೆವ್ವನ ಹಾಗೆ ಕೆಂಪಗೆ ಹುಟ್ಟಿದವನು.

ಹುಬ್ಬಳ್ಳಿಯ ತೋಟವೊಂದರಲ್ಲಿ ಮಕ್ಕಳ ಬೇಸಿಗೆ ಕಲಾಹಬ್ಬ ನಡೆದಿತ್ತು. ಬೈಲಹೊಂಗಲದ ಪೇಟೆಯಲ್ಲಿ ಇವರದು ಹಳೆಯ ಬಟ್ಟೆ ಅಂಗಡಿ. ಲಗ್ನದ ಹಂಗಾಮು ಬೇರೆ. ಮಗ ಬಸಲಿಂಗಪ್ಪನಿಗೂ ಸೊಸೆ ಅನ್ನಪೂರ್ಣಾಳಿಗೂ ಗಿರಾಕಿಗಳನ್ನು ಬಿಟ್ಟು ಅಲುಗುವಂತಿರಲಿಲ್ಲ. ಸೂಟಿಯಲ್ಲಿ ಮಕ್ಕಳು ಮೊಬೈಲು ಹಿಡಿದು ಮೂಲೆಯಲ್ಲಿ ಕೂತಿದ್ದನ್ನು ನೋಡಲಾರದೆ, ತಾವೇ ಕರೆದುಕೊಂಡು ಹೋಗುವುದಾಗಿ ಸಾವಿತ್ರೆವ್ವ ಹೇಳಿಬಿಟ್ಟಿದ್ದರು. ಒಬ್ಬರೇ ಕಾಶಿಗೆ ಹೋಗಿ ಬಂದ ಹೆಂಗಸಿಗೆ ಹುಬ್ಬಳ್ಳಿ ಯಾವ ಲೆಕ್ಕ?

ಬುತ್ತಿ ಕಟ್ಟುತ್ತಿದ್ದ ಅನ್ನಪೂರ್ಣಾ ಮೆಲ್ಲಗೆ ಹೇಳಿದಳು.

"ಅತ್ತೀ, ಅಲ್ಲಿ ಮಂದಿ ಮುಂದ ಆಕಿ ಬಣ್ಣದ ಮಾತ ತಗೀಬ್ಯಾಡ್ರಿ. ಹುಡುಗಿ ಸಣ್ಣ ಮಾರಿ ಮಾಡ್ತಾಳ."

"ನಾ ಏನ ಹಗೆತನಕ್ಕ ಹೇಳತೇನೇನ?" ಸಾವಿತ್ರೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಭರವಸೆ ಇತ್ತು. "ನಾಳೆ ಹೆಣ್ಣ ನೋಡಾಕ ಬಂದವರು ಅನ್ನೂದಕ್ಕಿಂತ, ಇವತ್ತ ಮನ್ಯಾಗ ಅನಿಸ್ಕೊಂಡು ಗಟ್ಟಿ ಆಗಲಿ. ಜಗತ್ತ ಹಂಗ ಐತಿ, ನಾ ಮಾಡಿದ್ದಲ್ಲ."

ಆ ಮಾತನ್ನು ಅವರು ಮನಸಾರೆ ನಂಬಿದ್ದರು. ಮಧುವಿನ ಮೇಲೆ ಅವರಿಗಿದ್ದ ಜೀವ ಗೌರೀಶನ ಮೇಲಿದ್ದುದಕ್ಕಿಂತ ಒಂದು ಗುಂಜಿ ಹೆಚ್ಚೇ. ಅನ್ನಪೂರ್ಣಾ ಬುತ್ತಿಯ ಗಂಟು ಬಿಗಿದಳು.

ತೋಟದೊಳಗೆ ಕಾಲಿಟ್ಟಾಗ ಮಕ್ಕಳ ಗದ್ದಲ ಮುಗಿಲು ಮುಟ್ಟಿತ್ತು. ಒಂದು ಮರದ ಕೆಳಗೆ ಮಣ್ಣಿನ ಬೊಂಬೆ, ಇನ್ನೊಂದರ ಕೆಳಗೆ ತೊಗಲುಗೊಂಬೆ, ಅದರಾಚೆ ಚಿತ್ರ ಬಿಡಿಸುವವರ ಚಾಪೆಗಳು. ಗೌರೀಶ ಆಗಲೇ ಮಣ್ಣಿಗೆ ಕೈಹಾಕಿ ಎತ್ತು ಮಾಡಲು ಕೂತ. ಮಧು ಮಾತ್ರ ಮುಖಕ್ಕೆ ಬಣ್ಣ ಬರೆಯುವಲ್ಲಿ ಸಾಲಿಗೆ ನಿಂತಳು. ಅಲ್ಲಿ ಕಾಲೇಜು ಹುಡುಗಿಯೊಬ್ಬಳು ಕುಂಚ ಹಿಡಿದು ಮಕ್ಕಳ ಕೆನ್ನೆಗಳ ಮೇಲೆ ಹುಲಿ, ಪಾತರಗಿತ್ತಿ, ನವಿಲುಗರಿ ಮೂಡಿಸುತ್ತಿದ್ದಳು. ಸಾವಿತ್ರೆವ್ವ ಪಕ್ಕದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

ಮಧುವಿನ ಪಾಳಿ ಬಂತು. ಏನು ಬರೆಯಲಿ ಎಂದು ಹುಡುಗಿ ಕೇಳಿದಳು.

"ಏನೂ ತಗೀಬ್ಯಾಡ್ರಿ ಅಕ್ಕಾರ," ಎಂದಳು ಮಧು. "ನನ್ನ ಬರೇ ಬೆಳ್ಳಗ ಮಾಡ್ರಿ. ನಮ್ಮ ಅಣ್ಣನಂಗ. ಕಿವಿಗೂ ಹಚ್ಚರಿ, ಕುತ್ತಿಗಿಗೂ ಹಚ್ಚರಿ."

ಸಾಲಿನಲ್ಲಿದ್ದ ಯಾರೋ ನಕ್ಕರು. ಮಗುವಿನ ಮುಖ ನೋಡಿ ಆ ನಗೆ ಅರ್ಧಕ್ಕೇ ನಿಂತಿತು. ಬಣ್ಣದ ಹುಡುಗಿ ಕುಂಚ ಎತ್ತಿದವಳು ಹಾಗೇ ಸಾವಿತ್ರೆವ್ವನ ಕಡೆ ತಿರುಗಿ, ಹಚ್ಚಲೇ ಎನ್ನುವಂತೆ ನೋಡಿದಳು. ಮಕ್ಕಳ ಆಸೆ, ಹೌಸು ಎಂದುಕೊಂಡು ಅವರು ಹೂಂ ಎಂದು ತಲೆಯಾಡಿಸಿದರು.

ಸ್ವಲ್ಪ ಹೊತ್ತಿಗೆ ಸುಣ್ಣ ಬಳಿದ ಗೋಡೆಯಂಥ ಮುಖ ಹೊತ್ತು ಮಧು ಓಡಿ ಬಂದಳು. "ಆಯಿ, ಈಗ ಚಂದ ಕಾಣತೇನಿಲ್ಲ?"

ಸಾವಿತ್ರೆವ್ವ ಆ ಮುಖದಲ್ಲಿ ತಮ್ಮ ಮೊಮ್ಮಗಳನ್ನು ಹುಡುಕಿದರು. ಮಧು ತನ್ನ ಮುತ್ಯಾನ, ಅಂದರೆ ಸಾವಿತ್ರೆವ್ವನ ಗಂಡ ಮಡಿವಾಳೆಪ್ಪನ, ಪಡಿಯಚ್ಚು: ಅದೇ ಅಗಲ ಹಣೆ, ಅದೇ ದಟ್ಟ ಹುಬ್ಬು, ಮಳೆ ಬಿದ್ದ ಎರೆಹೊಲದಂಥ ಅದೇ ಮೈಬಣ್ಣ. ಎದುರಿಗೆ ನಿಂತ ಮುಖದಲ್ಲಿ ಅದೊಂದೂ ಕಾಣಲಿಲ್ಲ.

ಅಲ್ಲಿಂದ ಮುಂದೆ ಮಧು ಕಟ್ಟೆಯ ಹತ್ತಿರದ ಬೇವಿನ ನೆರಳು ಬಿಟ್ಟು ಕದಲಲಿಲ್ಲ. ನೀರು ಕುಡಿ ಎಂದರೆ ತುಟಿಯ ಬಣ್ಣ ಹೋಗುತ್ತದೆ ಎಂದಳು. ಬುತ್ತಿ ಬಿಚ್ಚಿದರೆ ಹಸಿವಿಲ್ಲ ಎಂದಳು. ತೊಗಲುಗೊಂಬೆಯಾಟ ಮುಗಿಯಿತು, ಮಣ್ಣಿನ ಎತ್ತು ಹಿಡಿದು ಗೌರೀಶ ಬಂದು ಹೋದ. ಅಷ್ಟರಲ್ಲಿ ತೋಟದ ನಡುವೆ ಹಲಗೆ ವಾದ್ಯ ಕಲಿಸುವವರು ಮಕ್ಕಳನ್ನು ಕೂಗಿ ಕರೆದರು. ಹೋಳಿ ಬಂತೆಂದರೆ ಓಣಿಯ ಹುಡುಗರ ಹಲಗೆ ಕಸಿದುಕೊಂಡು ಬಡಿಯುವವಳು ಮಧು. ಈಗ ಕೂತಲ್ಲೇ ಅವಳ ಬೆರಳುಗಳು ಮೊಣಕಾಲಿನ ಮೇಲೆ ಆ ಪೆಟ್ಟಿಗೆ ಸರಿಯಾಗಿ ಕುಣಿಯುತ್ತಿದ್ದವು. ಮೈ ಮಾತ್ರ ಅಲುಗಲಿಲ್ಲ.

"ಹೋಗವಾ, ಬಾರಸು," ಎಂದರು ಸಾವಿತ್ರೆವ್ವ.

"ಬೆವರ ಬರತೈತಿ ಆಯಿ. ಬಣ್ಣ ಹೋದ್ರ ಮತ್ತ ಕರೇಕಿ ಆಗತೇನಿ. ನನ್ನ ಯಾರೂ ಲಗ್ನ ಮಾಡ್ಕೊಳ್ಳೂದಿಲ್ಲ."

ಅದನ್ನವಳು ಅಳುತ್ತ ಹೇಳಿರಲಿಲ್ಲ. ಸಾಲಿಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ, ಒಂದಕ್ಷರ ತಪ್ಪದೆ ಹೇಳಿದ್ದಳು. ಯಾರು ಕಲಿಸಿದ ಪಾಠ ಎಂದು ಕೇಳಬೇಕಾದ್ದಿರಲಿಲ್ಲ. ಗಟ್ಟಿಯಾಗಲಿ ಎಂದು ತಾವು ಆಡಿದ ಮಾತು ಮಗುವನ್ನು ಹೇಗೆ ಕಟ್ಟಿಹಾಕಿದೆ ಎಂಬುದು ಸಾವಿತ್ರೆವ್ವನ ಕಣ್ಣೆದುರಿಗೇ ಇತ್ತು. ಎದ್ದು ಹೋಗಿ ಅವಳ ಪಕ್ಕದಲ್ಲಿ ನೆಲಕ್ಕೇ ಕೂತರು.

"ಮಧು, ನಿಮ್ಮ ಮುತ್ಯಾ ಯಾ ಬಣ್ಣ ಅದಾನ?"

"ನನ್ನಂಗ ಕರಿಯಾ."

"ಬಾಜಾರದಾಗ ಆತಗ ಏನಂತಾರ?"

"ಯಜಮಾನ್ರ ಅಂತಾರ."

"ನಾ ಎಂದಾರ ಆತಗ ಕಡ್ಲಿಹಿಟ್ಟ ತಿಕ್ಕೇನೇನ?"

ಮೀಸೆಯ ಮುತ್ಯಾ ಹಿಟ್ಟು ಹಚ್ಚಿಸಿಕೊಂಡು ಬಚ್ಚಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತೇನೋ, ಮಧು ಕಿಸಕ್ಕನೆ ನಕ್ಕಳು. ಕೆನ್ನೆಯ ಬಿಳುಪು ಸಣ್ಣಗೆ ಬಿರುಕು ಬಿಟ್ಟಿತು.

"ಆತಗ ಬ್ಯಾಡಾದದ್ದು ನಿನಗ್ಯಾಕ ಬೇಕು? ಇಷ್ಟ ದಿನಾ ನಾ ಹೇಳಿದ್ದು ತಪ್ಪ ಐತಿ. ಜಗತ್ತಿನ ಮಾತ ಮನ್ಯಾಗ ತಂದಾಕಿ ನಾನ."

ಮಧು ಆಯಿಯ ಮುಖವನ್ನೇ ನೋಡಿದಳು. ಇಷ್ಟು ಬೇಗ ನಂಬಲು ಅವಳಿಗೆ ಧೈರ್ಯವಾಗಲಿಲ್ಲ. "ಹಂಗಾರ ರವಿವಾರ?"

"ಆ ಹಿಟ್ಟಿನಾಗ ಭಜಿ ಮಾಡೂಣು."

"ಈಗ ತೊಳಕೊಂಡ್ರ ನಿನಗ ಸಿಟ್ಟ ಬರೂದಿಲ್ಲ?"

ಸಾವಿತ್ರೆವ್ವ ಇಲ್ಲವೆಂದು ತಲೆಯಾಡಿಸಿದರು. ಮಧು ತಾನೇ ನಲ್ಲಿಯ ಹತ್ತಿರ ಹೋಗಿ, ಬೊಗಸೆ ತುಂಬ ನೀರೆರಚಿಕೊಂಡು, ಮರಳಿ ಬಂದು ಆಯಿಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒರೆಸಿಕೊಂಡವಳೇ ಹಲಗೆಯ ಗುಂಪಿನತ್ತ ಓಡಿದಳು. ಇಳಿಹೊತ್ತಿನವರೆಗೂ ಬಿಸಿಲಿನಲ್ಲಿ ನಿಂತು, ಬೆವರು ಕಿತ್ತುಬಂದರೂ ಬಿಡದೆ ಬಾರಿಸಿದಳು. ಕಲಿಸುವವರು ಉಳಿದವರಿಗೆ ಮೂರು ಸಲ ತೋರಿಸಬೇಕಾದ ಪೆಟ್ಟನ್ನು ಅವಳು ಒಂದೇ ಸಲಕ್ಕೆ ಹಿಡಿದದ್ದನ್ನು ಸಾವಿತ್ರೆವ್ವ ಪಕ್ಕದಲ್ಲಿದ್ದವರನ್ನೆಲ್ಲ ಕರೆದು ತೋರಿಸಿದರು.

ಮರಳುವಾಗ ಧಾರವಾಡದಲ್ಲಿ ಅದೇ ಬಸ್ಸಿಗೆ ಅವರ ಓಣಿಯ ಬಾಯವ್ವ ಹತ್ತಿದಳು. ಮುಂದಿನ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗಿ ಮಕ್ಕಳನ್ನು ನೋಡಿ ಕನಿಕರದಿಂದ ಹೇಳಿದಳು.

"ಬಿಸಲಾಗ ಸುತ್ತಿಸಿ ಹುಡುಗಿನ್ನ ಮತ್ತೀಟು ಕರ್ರಗ ಮಾಡ್ಕೊಂಡ ಬಂದ್ರೆಲ್ಲ, ಸಾವಿತ್ರೆವ್ವಾರ. ಈಗ ಚಲೋ ಚಲೋ ಕ್ರೀಮ ಬಂದಾವ ನೋಡ್ರಿ."

ಬೇರೆ ದಿನವಾಗಿದ್ದರೆ ಸಾವಿತ್ರೆವ್ವನೇ ಆ ಕ್ರೀಮಿನ ಹೆಸರು ಕೇಳುತ್ತಿದ್ದರು. ಅಣ್ಣನೊಡನೆ ಹರಟುತ್ತಿದ್ದ ಮಧು ಮಾತು ನಿಲ್ಲಿಸಿ, ಆಯಿಯ ಕಡೆ ನೋಡಿದಳು.

"ಅದು ನಮ್ಮ ಮನಿ ಬಣ್ಣ, ಬಾಯವ್ವ. ನಮಗ ಚಲೋನ ಐತಿ," ಎಂದರು ಸಾವಿತ್ರೆವ್ವ. "ಆಕಿ ಇವತ್ತ ಹಲಗಿ ಕಲತ ಬಂದಾಳ. ಕೇಳೂದಿದ್ರ ಅದನ್ನ ಕೇಳು."

ಬಾಯವ್ವ ಪೆಚ್ಚುನಗೆ ನಕ್ಕಳು. ಆಮೇಲೆ ಮಡಿಲಲ್ಲಿದ್ದ ಚೀಲ ಸರಿಸಿ, "ಎಲ್ಲೆವಾ, ಬಾರಸ ನೋಡೂಣು," ಎಂದಳು.

ಮಧು ಮುಂದಿನ ಸೀಟಿನ ತಗಡಿನ ಬೆನ್ನಿಗೆ ಎರಡೂ ಕೈಯಿಟ್ಟು ಶುರು ಮಾಡಿದಳು. ಗೌರೀಶನೂ ಕಿಟಕಿಯ ಸರಳಿಗೆ ಬಡಿದು ಜೊತೆಗೂಡಿದ. ಸದ್ದು ಕೇಳಿ ಕಂಡಕ್ಟರ್ ಹಿಂದಕ್ಕೆ ಬಂದು, ಯಾರದಿದು ಗದ್ದಲ ಎಂದು ಕೇಳಿದ.

"ನನ್ನ ಮೊಮ್ಮಗಳದು," ಎಂದರು ಸಾವಿತ್ರೆವ್ವ. "ನೀವು ಟಿಕೆಟ್ ಕೊಡ್ರಿ, ಆಕಿ ಬಾರಸಲಿ."