ಸೀಸೆಯೊಳಗಿನ ಕಿವಿ

"ವರ್ಷವರ್ಷ ಎರಡೆರಡು ಮರಿ ಹಾಕಾಕೆ ನಿನ್ನ ಕುರಿ ಏನು ನಾಯಿನೇನ್ಲಾ?" ಅಂದೆ.

ಸಿದ್ದಪ್ಪ ಬೆಂಚಿನಿಂದ ಏಳಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು, ಮಡಿಚಿ, ತೊಡೆಯ ಮೇಲಿಟ್ಟುಕೊಂಡ. ಅವನು ಹಾಗೆ ತಣ್ಣಗಿದ್ದರೆ ನನಗೆ ಇನ್ನಷ್ಟು ಉರಿಯುತ್ತದೆ.

"ಯಾರ್ಯಾರದೋ ಮರಿ ತಂದು ನಿನ್ನ ಲೆಕ್ಕಕ್ಕೆ ಬರೆಸ್ತಾ ಇದ್ದೀಯ. ಯಾಕೆ ಅಂತ ನಂಗೊತ್ತಿಲ್ವಾ? ಈ ಕಂಬ್ಳಿ ಮ್ಯಾಲೆ ಕುಂತ್ಕಬೇಕು ನೀನು. ಮೂರನೇ ಕ್ಲಾಸು ದಾಟದೋನಿಗೆ ತಲೈವರ್ ಪಟ್ಟ."

"ಮೆಲ್ಲಗೆ ಮಾತಾಡಣ್ಣ. ಮಕ್ಳು ಆಚೆ ನಿಂತವ್ರೆ," ಅಂದ.

ಮಕ್ಕಳು ಅಂದರೆ ಅವನ ಮಗಳು ರೋಜಾ, ನನ್ನ ಮಗಳು ಚಂದ್ರಿಕಾ. ಸಭೆಗೆ ಟೀ ಹಂಚಲು ಬಂದಿದ್ದವರು ಕಿಟಕಿಯ ಪಕ್ಕ ತಟ್ಟೆ ಹಿಡಿದು ನಿಂತಿದ್ದರು. ಇಬ್ಬರೂ ಆ ವರ್ಷ ಹತ್ತನೇ ಕ್ಲಾಸು ಪಾಸಾಗಿದ್ದರು. ರೋಜಾಗೆ ಐನೂರಕ್ಕೆ ನಾನೂರ ನಲವತ್ತೇಳು. ನನ್ನ ಮಗಳಿಗೆ ನಾನೂರ ಮೂವತ್ತೊಂದು. ಹದಿನಾರು ಮಾರ್ಕು. ಆ ಹದಿನಾರು ಯಾವ ಯಾವ ಪಾಠದಲ್ಲಿ ಹೋಯಿತು ಅಂತ ಈಗ ಕೇಳಿದರೂ ಹೇಳುತ್ತೇನೆ. ಸೈನ್ಸಿನಲ್ಲಿ ಒಂಬತ್ತು, ತಮಿಳಿನಲ್ಲಿ ಐದು, ಲೆಕ್ಕದಲ್ಲಿ ಎರಡು.

ಅದು ತೊಂಬತ್ತಾರರ ಜುಲೈ. ನಮ್ಮ ಹೈಸ್ಕೂಲಿನ ಪೋಷಕರ ಸಂಘದ ವರ್ಷದ ಸಭೆ. ಕಂಬೈನಲ್ಲೂರಿನಿಂದ ಟೌನ್ ಬಸ್ಸಿನಲ್ಲಿ ಅರ್ಧ ಗಂಟೆ ಒಳಗೆ ಬಂದರೆ ನಮ್ಮ ಶಾಲೆ. ಸುತ್ತಲಿನ ಮೂರು ಊರಿನವರೂ ಮನೆಯಲ್ಲಿ ಕನ್ನಡ ಆಡುವವರು, ಕುರಿ ಸಾಕುವವರು. ಮಕ್ಕಳಿಗೆ ಪಾಠ ತಮಿಳಿನಲ್ಲಿ. ಆರು ವರ್ಷದಿಂದ ಸಂಘಕ್ಕೆ ನಾನೇ ತಲೈವರ್, ಅಂದರೆ ಅಧ್ಯಕ್ಷ. ಸಿದ್ದಪ್ಪ ನನ್ನ ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷ ಚಿಕ್ಕವನು. ನಾನು ಎಂಟನೇ ಕ್ಲಾಸಿನವರೆಗೆ ಓದಿದೆ. ಅವನಿಗೆ ತನ್ನ ಹೆಸರು ಬರೆಯಲು ಮಗಳು ಕಲಿಸಿದ್ದಾಳೆ.

ಕಂಬಳಿಯ ವಿಷಯ ಹೇಳಬೇಕು. ನಮ್ಮಲ್ಲಿ ದೊಡ್ಡ ಮನುಷ್ಯ ಕೂರುವ ಜಾಗಕ್ಕೆ ಕರಿ ಕಂಬಳಿ ಹಾಸುತ್ತಾರೆ. ಶಾಲೆಯ ಸಭೆಯಲ್ಲೂ ಹಾಗೇ. ಸೇಲಂನಿಂದ ಬರುವ ಹೆಡ್‌ಮಾಸ್ಟರ್ ಶಿವರಾಮನ್ ಸಾರ್‌ಗೆ ಬರೀ ಕಬ್ಬಿಣದ ಕುರ್ಚಿ. ತಲೈವರ್ ಕುರ್ಚಿಗೆ ಕಂಬಳಿ. ವರ್ಷಕ್ಕೊಂದು ದಿನ ಅದರ ಮೇಲೆ ಕೂತು ಮೂರು ಊರಿನ ತಲೆಗಳನ್ನು ನೋಡುವುದು ಹೇಗಿರುತ್ತದೆ ಅಂತ ಕೂತವನಿಗೇ ಗೊತ್ತು. ಅದು ನನಗೆ ಬೇಕಿತ್ತು. ಬೇರೆಯವರಿಗೆ ಹೋಗುವುದು ಬೇಡ, ಸಿದ್ದಪ್ಪನಿಗಂತೂ ಬೇಡವೇ ಬೇಡ.

ಇನ್ನು ಕುರಿ. ಸರ್ಕಾರ ಮೇಷ್ಟ್ರಿಗೆ ಸಂಬಳ ಕೊಡುತ್ತದೆ. ಮೇಷ್ಟ್ರು ಸಾಲದೆ ನಾವೇ ಇಟ್ಟುಕೊಂಡ ಇಬ್ಬರಿಗೆ, ಸೀಮೆಸುಣ್ಣಕ್ಕೆ, ನೀರಿನ ಟ್ಯಾಂಕಿಗೆ, ಸೈನ್ಸ್ ರೂಮಿನ ಗಾಜಿಗೆ ನಾವೇ ಕೊಡಬೇಕು. ರೊಕ್ಕ ಕೇಳಿದರೆ ನಮ್ಮವರು ಕೊಡುವವರಲ್ಲ. ದೇವರಿಗೆ ಅಂತ ಒಂದು ಕುರಿ ಬಿಡುತ್ತೀರಲ್ಲ, ಶಾಲೆಗೂ ಒಂದು ಬಿಡಿ ಅಂತ ಯಾರೋ ಹೇಳಿದರು. ಅದು ನಡೆಯಿತು. ಪ್ರತಿ ಮಂದೆಯಲ್ಲೂ ಒಂದು ಹೆಣ್ಣು ಕುರಿ ಶಾಲೆಯದು. ಮರಿಯಾಗಿದ್ದಾಗಲೇ ಅದರ ಬಲಗಿವಿಯ ತುದಿಗೆ ಗುರುತಿಗೆ ಕತ್ತರಿಯಲ್ಲಿ ಒಂದು ಕಚ್ಚು ಹಾಕುತ್ತೇವೆ. ಅದು ಈದ ಮರಿಗಳನ್ನು ಸಂತೆಯಲ್ಲಿ ಮಾರಿ ಬಂದದ್ದು ಸಂಘಕ್ಕೆ. ಶಾಲೆಯ ಕುರಿ ಸತ್ತರೆ ಕಚ್ಚಿನ ಕಿವಿ ಕತ್ತರಿಸಿ ತಂದು ಹೆಡ್‌ಮಾಸ್ಟರ್ ಕೈಗೆ ಕೊಡಬೇಕು. ಅದನ್ನು ಕಲಿತದ್ದು ಬ್ಯಾಂಕಿನಿಂದ. ಸಾಲದ ಕುರಿ ಸತ್ತರೆ ಬಿಲ್ಲೆ ಹೊಡೆದ ಕಿವಿ ತೋರಿಸಿದ ಮೇಲೇ ಅಲ್ಲವೇ ಇನ್ಶೂರೆನ್ಸು. ಸಾರ್ ಆ ಕಿವಿಗಳನ್ನು ಉಪ್ಪು ಹಾಕಿ, ಹಾರ್ಲಿಕ್ಸ್ ಸೀಸೆಯಲ್ಲಿ ತುಂಬಿ, ಹೆಸರು ತಾರೀಖಿನ ಚೀಟಿ ಕಟ್ಟಿ ಬೀರುವಿನಲ್ಲಿಟ್ಟಿದ್ದರು. ಆ ಬೀರು ತೆಗೆದರೆ ವಾಸನೆಗೆ ಇನ್‌ಸ್ಪೆಕ್ಟರೇ ಎದ್ದು ಹೋಗಿದ್ದರು ಒಂದು ಸಲ.

ಆ ದಿನ ಸಾರ್ ವರ್ಷದ ವರದಿ ಓದಿದರು. ಹತ್ತನೇ ಕ್ಲಾಸಿಗೆ ಕೂತವರು ನಲವತ್ತೆಂಟು, ಪಾಸಾದವರು ಮೂವತ್ತಾರು, ಧರ್ಮಪುರಿ ಜಿಲ್ಲೆಯ ಸರಾಸರಿಯ ಹತ್ತಿರ ಮೊದಲ ಸಲ ಬಂದಿದ್ದೇವೆ ಅಂದರು. ಶಾಲೆಗೆ ಮೊದಲು ಬಂದವಳು ಸಿದ್ದಪ್ಪನ ಮಗಳು ಅಂದರು. ಹೆಡ್‌ಮಾಸ್ಟರ್ ಕೋಣೆಯಲ್ಲಿ ಒಂದು ಹಲಗೆ ಇದೆ, ವರ್ಷಕ್ಕೆ ಒಂದೇ ಸಾಲು, ಮೊದಲು ಬಂದವರ ಹೆಸರು. ಎರಡನೆಯವರಿಗೆ ಅಲ್ಲಿ ಜಾಗವಿಲ್ಲ. ಪೇಂಟರ್ ಬಂದು ರೋಜಾಳ ಹೆಸರಿನ ಪಕ್ಕದಲ್ಲಿ ಅವಳಪ್ಪನ ಹೆಸರನ್ನೂ ಬರೆದು ಹೋಗಿದ್ದ.

ಆಮೇಲೆ ಸಾರ್ ಕುರಿ ಲೆಕ್ಕ ಓದಿದರು. ಮನೆ ಮನೆಯ ಹೆಸರು ಹಿಡಿದು ಓದುವುದು ಅವರ ಕ್ರಮ. ಆರು ವರ್ಷದಲ್ಲಿ ಸಿದ್ದಪ್ಪನ ಮನೆಯಿಂದ ಹನ್ನೊಂದು ಮರಿ. ತಲೈವರ್ ಮುನುಸ್ವಾಮಿ ಮನೆಯಿಂದ ನಾಲ್ಕು, ಒಂದು ಕುರಿ ಸಾವು. ಅಷ್ಟು ಓದಿ, ಕನ್ನಡಕ ತೆಗೆದು, ಈ ಸಲ ತಲೈವರ್ ಆಗಿ ಸಿದ್ದಪ್ಪ ಇದ್ದರೆ ಚೆನ್ನ ಅಲ್ಲವೇ ಅಂತ ತಮಿಳಿನಲ್ಲಿ ಕೇಳಿದರು. ಯಾರೋ ಹಿಂದಿನ ಬೆಂಚಿನಲ್ಲಿ ಚಪ್ಪಾಳೆ ತಟ್ಟಿದರು. ಆಗ ನಾನು ಬಾಯಿ ಬಿಟ್ಟದ್ದು.

"ಕಿವಿ ನೋಡಾನ," ಅಂದೆ. "ಅವನ ಕುರಿ ತಂದು ಈ ಬಯಲಲ್ಲಿ ನಿಲ್ಲಿಸ್ಲಿ. ಕಚ್ಚು ನೋಡಾನ, ಹಲ್ಲು ನೋಡಾನ. ಒಂದೇ ಕುರಿನೋ ನಾಕು ಕುರಿನೋ ಗೊತ್ತಾಗ್ತದೆ."

ಒಬ್ಬರ ಕುರಿಯನ್ನು ಮಾತ್ರ ನೋಡುವುದು ಮರ್ಯಾದೆಯಲ್ಲ ಅಂದರು ಸಾರ್. ಬರುವ ಭಾನುವಾರ ಎಲ್ಲರ ಕಿವಿಯನ್ನೂ ನೋಡೋಣ ಅಂತ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿದರು. "ಬದುಕಿರುವುದು, ಸತ್ತಿರುವುದು, ಎಲ್ಲಾ."

ನಾನೇ ಮೊದಲು ಸೈನ್ ಹಾಕಿದೆ. ಕೋಪದಲ್ಲಿ ಆ 'ಸತ್ತಿರುವುದು' ಅನ್ನುವ ಮಾತು ನನ್ನ ತಲೆಗೇ ಹೋಗಲಿಲ್ಲ. ಮನೆಗೆ ಬಂದು, ಹೆಂಡತಿ ಈಶ್ವರಿ ಬಡಿಸಿದ ರಾಗಿಮುದ್ದೆಯ ಮೊದಲ ತುತ್ತು ನುಂಗುವಾಗ ಹೋಯಿತು.

ಹೋದ ವರ್ಷ ನನ್ನ ಒಂದು ಮುದಿ ಕುರಿ ಹೊಟ್ಟೆಯುಬ್ಬಿ ಸತ್ತಿತ್ತು. ಶಾಲೆಯದಲ್ಲ, ನನ್ನದು. ಶಾಲೆಯ ಕುರಿ ಅಲ್ಲೇ ಬೇಲಿಯ ಪಕ್ಕ ಮೇಯುತ್ತಿತ್ತು. ಅದು ಒಂದೊಂದೇ ಮರಿ ಹಾಕುತ್ತಿತ್ತು, ಒಂದು ವರ್ಷ ಅದೂ ಇಲ್ಲ. ಪ್ರತಿ ಸಭೆಯಲ್ಲೂ ಸಿದ್ದಪ್ಪನದು ಎರಡು, ತಲೈವರದು ಒಂದು ಅಂತ ಓದುವುದು. ಜನ ನಗುವುದು. ಸತ್ತ ಕುರಿಗೆ ಯಾರೂ ನಗುವುದಿಲ್ಲ, ಅಯ್ಯೋ ಅನ್ನುತ್ತಾರೆ. ಸತ್ತ ಕುರಿಯ ಬಲಗಿವಿಗೆ ಕತ್ತರಿಯಲ್ಲಿ ಕಚ್ಚು ಹಾಕಿ, ಕಿವಿ ಕೊಯ್ದು ಸಾರ್‌ಗೆ ಕೊಟ್ಟೆ. ಮುಂದಿನ ವಾರ ಶಾಲೆಯ ಕುರಿಯನ್ನು ಸೇಲಂ ಕಡೆಯ ವ್ಯಾಪಾರಿಗೆ ಮಾರಿದೆ. ದುಡ್ಡಿಗಲ್ಲ. ಅದು ಕಣ್ಣ ಮುಂದೆ ಇರುವುದು ಬೇಡವಾಗಿತ್ತು. ಅದರ ಜಾಗಕ್ಕೆ ಬೇರೆ ಒಂದು ಮರಿ ಬಿಟ್ಟೆ, ಅದಿನ್ನೂ ಈದಿಲ್ಲ.

ಕತ್ತರಿಸುವಾಗ ಕಿವಿ ಹಿಡಿದುಕೊಂಡಿದ್ದವಳು ಚಂದ್ರಿಕಾ. "ಅಪ್ಪ, ಪಳ್ಳಿಕೂಡದ್ದು ಅಲ್ಲಿ ಮೇಯ್ತಾ ಐತಲ್ಲ" ಅಂದಳು, ಶಾಲೆಯ ಕುರಿಯ ಕಡೆ ಕೈ ತೋರಿಸಿ. ಬಾಯಿ ಮುಚ್ಚು ಅಂದೆ. ಮುಚ್ಚಿದಳು.

ಕುರಿ ಕಾಯದವನಿಗೆ ಕಿವಿಯೆಲ್ಲ ಒಂದೇ. ಕುರಿಯವನಿಗೆ ಹಾಗಲ್ಲ. ಮರಿಯಾಗಿದ್ದಾಗ ಹಾಕಿದ ಕಚ್ಚು ಮಾಯ್ದು, ಅಂಚು ತುಟಿಯ ಹಾಗೆ ದುಂಡಗಾಗಿ, ಅದರ ಮೇಲೆ ಕೂದಲು ಬಂದಿರುತ್ತದೆ. ಸತ್ತ ಮೇಲೆ ಹಾಕಿದ್ದು ಚಪ್ಪಲಿಯ ತೊಗಲು ಕತ್ತರಿಸಿದ ಹಾಗೆ ನೆಟ್ಟಗೆ ಇರುತ್ತದೆ. ಉಪ್ಪಿನಲ್ಲಿ ವರ್ಷ ಇಟ್ಟರೂ ಅದು ಮಾಯುವುದಿಲ್ಲ.

ಆ ವಾರ ಎರಡು ಸಲ ಶಾಲೆಯ ಕಡೆ ಹೋಗಿ ಬಂದೆ. ಬೀರುವಿಗೆ ಬೀಗ ಇತ್ತು. ಸಭೆ ಬೇಡ ಅನ್ನೋಣವೆಂದರೆ ಕೇಳಿದವನು ನಾನೇ. ನಿನ್ನ ಮಗಳ ಮಾರ್ಕು ನಿನ್ನ ಮಗಳಿಗೆ, ಅವನ ಮಗಳದು ಅವಳಿಗೆ, ಮಧ್ಯೆ ನಿನಗೇನು ಅಂದಳು ಈಶ್ವರಿ. ನಿನಗೆ ತಿಳಿಯೋದಿಲ್ಲ ಅಂದೆ. ಅವಳಿಗೆ ಎಲ್ಲ ತಿಳಿಯುತ್ತದೆ.

ಭಾನುವಾರ ಶಾಲೆಯ ಬಯಲು ಸಂತೆಯಾಗಿತ್ತು. ಅರವತ್ತಕ್ಕೂ ಹೆಚ್ಚು ಕುರಿ. ಬಾವುಟದ ಕಂಬಕ್ಕೆ ನಾಲ್ಕು ಕಟ್ಟಿದ್ದರು. ಸಿದ್ದಪ್ಪ ತನ್ನ ಕುರಿ ಹಿಡಿದು ತಂದ. ನಾನೇ ಅದರ ಬಲಗಿವಿ ಮಡಿಚಿ ನೋಡಿದೆ. ಹಳೇ ಕಚ್ಚು, ಕೂದಲು ತುಂಬಿತ್ತು. ಬಾಯಿ ಬಿಡಿಸಿದೆ, ಹಲ್ಲು ಸವೆದಿತ್ತು. ನನ್ನ ಕೈಯಲ್ಲಿ ಅದರ ದವಡೆ ಇರುವಾಗಲೇ ಎರಡು ಮರಿ ಅದರ ಹೊಟ್ಟೆಯ ಕೆಳಗೆ ನುಗ್ಗಿ ಎರಡು ಮೊಲೆಗೂ ಬಾಯಿ ಹಾಕಿದವು. ಎಲ್ಲರೂ ನಕ್ಕರು. ಮುಸುರೆಗಂಜಿಯಾಗಲಿ ಜಾಲಿಕಾಯಿಯಾಗಲಿ, ರೋಜಾ ಮೊದಲು ಶಾಲೆಯ ಕುರಿಗೆ ಹಾಕಿ ಆಮೇಲೆ ತಮ್ಮ ಮನೆಯವಕ್ಕೆ ಹಾಕುತ್ತಾಳೆ ಅಂತ ಪಕ್ಕದ ಹಟ್ಟಿಯ ಮಾದಮ್ಮ ಹೇಳಿದಳು. ಮಾದಮ್ಮನಿಗೆ ಎಪ್ಪತ್ತು ವರ್ಷ, ಹುಟ್ಟಿದ ದಿನದಿಂದ ಕುರಿಯ ಹಿಂದೆ ಇದ್ದವಳು. ಸುಳ್ಳು ಹೇಳುವವಳಲ್ಲ.

ಬದುಕಿದ್ದವು ಮುಗಿದವು. ಸಾರ್ ಮೂಗಿಗೆ ಕರವಸ್ತ್ರ ಹಿಡಿದು ಸೀಸೆ ತಂದರು. ಸತ್ತ ಕಿವಿ ಒಟ್ಟು ಒಂಬತ್ತು. ತಮಗೆ ಇದರಲ್ಲಿ ಏನೂ ತಿಳಿಯದು, ಗೊತ್ತಿದ್ದವರು ಯಾರಾದರೂ ನೋಡಿ ಸೈನ್ ಹಾಕಲಿ ಅಂದರು. ಎಲ್ಲರೂ ಸಿದ್ದಪ್ಪನನ್ನು ತೋರಿಸಿದರು.

ಅವನು ಕಟ್ಟೆಯ ಮೇಲೆ ಕೂತು ಒಂದೊಂದೇ ಕಿವಿ ತೆಗೆದು, ಉಪ್ಪು ಉದುರಿಸಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಸರಿ ಅಂದು ಪಕ್ಕಕ್ಕಿಟ್ಟ. ಐದನೆಯದು ನನ್ನದು. ಚೀಟಿಯಲ್ಲಿ ನನ್ನ ಹೆಸರನ್ನು ಸಾರ್ ಓದಿದರು. ಸಿದ್ದಪ್ಪನ ಹೆಬ್ಬೆರಳು ಕಚ್ಚಿನ ಮೇಲೆ ಹೋಯಿತು. ನಿಂತಿತು. ಮತ್ತೆ ಹಿಂದಕ್ಕೆ ಬಂತು. ಪಕ್ಕದಲ್ಲಿದ್ದ ಮಾದಮ್ಮ ಬಗ್ಗಿ ನೋಡಿದಳು. ಎದ್ದು ಹೋಗಿ ಬೇಲಿಯ ಹತ್ತಿರ ಎಲೆಅಡಿಕೆ ಉಗಿದು ಬಂದಳು.

ಸಿದ್ದಪ್ಪ ಹೇಳುತ್ತಾನೆ ಅಂತ ಕಾದೆ. ನಿಜ ಹೇಳುತ್ತೇನೆ, ಹೇಳಲಿ ಅಂತಲೇ ಆಸೆ ಇತ್ತು. ಹೇಳಿದ್ದರೆ ನಾನು ಅವನ ಕುತ್ತಿಗೆ ಹಿಡಿಯುತ್ತಿದ್ದೆ. ಹೊಟ್ಟೆಕಿಚ್ಚಿಗೆ ಹೇಳ್ತಾನೆ ಅಂತ ಕೂಗುತ್ತಿದ್ದೆ, ನಾಲ್ಕು ಜನ ನಂಬುತ್ತಿದ್ದರು. ಜಗಳದಲ್ಲಿ ನಾನು ಯಾವತ್ತೂ ಅವನಿಗೆ ಸೋತಿಲ್ಲ.

ಸಿದ್ದಪ್ಪ ಕಿವಿಯನ್ನು ಉಳಿದವುಗಳ ಜೊತೆ ಇಟ್ಟ.

"ಸರಿ ಐತೆ ಸಾರ್," ಅಂದ.

ಒಂಬತ್ತೂ ಮುಗಿದ ಮೇಲೆ ಪುಸ್ತಕದಲ್ಲಿ ಅಂಬೆಗಾಲಿಡುವ ಅಕ್ಷರದಲ್ಲಿ ಹೆಸರು ಬರೆದ. ತಲೈವರ್ ವಿಷಯ ಏನು ಮಾಡೋಣ ಅಂತ ಸಾರ್ ಕೇಳಿದಾಗ ಅವನೇ ಎದ್ದು, ನಾನು ಮಂದೆ ಬಿಟ್ಟು ಆಫೀಸು ಸುತ್ತಲಾರೆ, ಅಣ್ಣನಿಗೆ ಆಫೀಸಿನವರ ಜೊತೆ ಜೋರಾಗಿ ಮಾತಾಡಿ ಅಭ್ಯಾಸ, ಅವನೇ ಇರಲಿ ಅಂದ. ಜನ ನಕ್ಕರು, ಚಪ್ಪಾಳೆ ಹೊಡೆದರು. ಹೋದ ವಾರ ಅವನಿಗೆ ಹೊಡೆದದ್ದಕ್ಕಿಂತ ಜೋರಾಗಿ. ಸಾರ್ ಒಪ್ಪಿಗೆ ಅಂತ ಬರೆದುಕೊಂಡರು. ಯಾರೋ ಕುರ್ಚಿ ತಂದು ಬೇವಿನ ನೆರಳಲ್ಲಿ ಹಾಕಿದರು. ಸಿದ್ದಪ್ಪ ತನ್ನ ಕೈಯಾರೆ ಕರಿ ಕಂಬಳಿ ಒದರಿ, ನಾಲ್ಕು ಮಡಿಕೆ ಮಾಡಿ ಹಾಸಿದ.

ನಾನು ಅವನ ಹತ್ತಿರ ಹೋಗಿ ಹಲ್ಲು ಕಚ್ಚಿ ಕೇಳಿದೆ. "ನೋಡ್ದಲ್ಲ ನೀನು. ಯಾಕ್ಲಾ ಹೇಳ್ಲಿಲ್ಲ?"

"ಕುರಿ ಸತ್ತೋಯ್ತು ಅಂತ ನೀನು ಹೇಳ್ದೆ. ಅಣ್ಣ ಹೇಳಿದ್ ಮ್ಯಾಲೆ ಸತ್ತೋಯ್ತು," ಅಂದ. ಕಂಬಳಿಯ ಮೇಲಿದ್ದ ಒಂದು ಬೇವಿನ ಎಲೆ ತೆಗೆದು ಬಿಸಾಡಿದ. "ಕುಂತ್ಕ."

ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಕೂತುಬಿಡುತ್ತಿದ್ದೆನೋ ಏನೋ.

ಆಗ ಚಂದ್ರಿಕಾ ಟೀ ತಟ್ಟೆ ಹಿಡಿದು ಬಂದಳು. ನನಗೆ ಲೋಟ ಕೊಟ್ಟಳು, ನನ್ನ ಮುಖ ನೋಡಲಿಲ್ಲ. ಆಮೇಲೆ ಸಿದ್ದಪ್ಪನ ಕಡೆ ತಿರುಗಿ, ಎರಡೂ ಕೈಯಲ್ಲಿ ಲೋಟ ಹಿಡಿದು, "ತಗಳಿ ಚಿಕ್ಕಪ್ಪ" ಅಂದಳು. ಅಂದು ಅವನನ್ನು ನೋಡಿದಳು. ಹದಿನಾರು ವರ್ಷ ಸಾಕಿದ್ದೇನೆ, ಒಂದು ದಿನವೂ ನನ್ನನ್ನು ಹಾಗೆ ನೋಡಿದವಳಲ್ಲ.

ಅವನ ಕುರಿ ಎರಡು ಮರಿ ಹಾಕಿತು, ತಡೆದುಕೊಂಡೆ. ಅವನ ಮಗಳ ಹೆಸರು ಹಲಗೆಗೆ ಹತ್ತಿತು, ತಡೆದುಕೊಂಡೆ. ಇದನ್ನು ತಡೆದುಕೊಳ್ಳಲಾಗಲಿಲ್ಲ.

ಲೋಟವನ್ನು ಕಂಬಳಿಯ ಮೇಲೇ ಇಟ್ಟೆ. ಅದು ಮಗುಚಿ ಟೀ ಹರಿಯಿತು. ಚಪ್ಪಲಿ ಮೆಟ್ಟಿಕೊಂಡು ಕುರಿಗಳ ನಡುವೆ ದಾರಿ ಮಾಡಿಕೊಂಡು ನಡೆದೆ. ಸಾರ್ ತಮಿಳಿನಲ್ಲಿ ಏನೋ ಕರೆದರು. ಈಶ್ವರಿ ಕರೆಯಲಿಲ್ಲ. ಗೇಟಿನ ಹತ್ತಿರ ಹಿಂದಿನಿಂದ ಸಿದ್ದಪ್ಪನ ದನಿ ಕೇಳಿಸಿತು. "ಅಣ್ಣಾ, ನಿನ್ನ ಮರಿ ಇಲ್ಲೇ ಕಟ್ಟೈತೆ. ಸಂಜೆ ನಾನೇ ಹೊಡ್ಕಂಡು ಬರ್ತೀನಿ."

ತಿರುಗಿ ನೋಡಲಿಲ್ಲ. ಗೇಟು ದಾಟಿದೆ. ಮಂದೆ ಹೊಡೆದುಕೊಂಡು ಹೋಗಲು ಶಾಲೆಯ ಮುಂದೆ ನೆಟ್ಟಗೆ ದಾರಿ ಇದೆ. ಆವತ್ತಿನಿಂದ ನಾನು ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತೇನೆ.